ತಿಂಗಳು ತುಂಬದ ಕೂಸಿಗೆ ಹೊಗೆ ಬೇಡ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ನಮ್ಮ ಅಂಬ್ಲಿಗೊಳದ ಸುತ್ತಿನ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಕೇಳದವರು ವಿರಳ. ಈ ಮಾತಿಗೆ ಯಾವ ಆಧಾರವೂ ಇಲ್ಲ. ತಾಯಿಯ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಅತಿ ಹೆಚ್ಚು ಲಾಭ ಪಡೆಯುವ ಅಂಗ ಶ್ವಾಸಕೋಶ. ಅದು ಪಕ್ವವಾಗುವುದು ಎಲ್ಲಕ್ಕಿಂತ ಕಡೆಗೆ.

ಒದ್ದೆಯಾದ ಪ್ಲಾಸ್ಟಿಕ್ ಚೀಲದ ಒಳಬದಿಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರದಂತಾಗುವುದನ್ನು ನೋಡಿದ್ದೀರಲ್ಲ, ದಿನ ತುಂಬದ ಮಗುವಿನ ಗಾಳಿಗೂಡುಗಳ ಸ್ಥಿತಿಯೂ ಹಾಗೆಯೇ. ಅವು ಅಂಟದಂತೆ ಕಾಯುವ ಸಾಬೂನಿನಂಥ ದ್ರವವೊಂದು ಗರ್ಭದ ಕೊನೆಯ ವಾರಗಳಲ್ಲಿ ಸಾಕಷ್ಟು ಒಸರುತ್ತದೆ. ಅದರ ಕೊರತೆಯೇ ಈ ಮಕ್ಕಳ ಉಸಿರಾಟದ ಕಷ್ಟಕ್ಕೆ ಕಾರಣವೆಂದು 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ ತೋರಿಸಿಕೊಟ್ಟರು. ಆದರೂ 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್, ಐದೂವರೆ ವಾರ ಮುಂಚೆ ಹುಟ್ಟಿ, ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಅಂದು ಅಧ್ಯಕ್ಷರ ಮನೆಯ ಕೂಸಿಗೂ ಔಷಧವಿರಲಿಲ್ಲ.

ಆಮೇಲೆ ಉಸಿರಾಟದ ಯಂತ್ರಗಳು ಬಂದವು, ಮಕ್ಕಳು ಬದುಕತೊಡಗಿದವು. ಆದರೆ ಬದುಕಿದ ಕೆಲವು ಮಕ್ಕಳಲ್ಲಿ ಹೊಸದೊಂದು ಕಾಯಿಲೆ ಕಂಡಿತು. 1967ರಲ್ಲಿ ಸ್ಟ್ಯಾನ್‌ಫರ್ಡಿನ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು 32 ಶಿಶುಗಳನ್ನು ಪರಿಶೀಲಿಸಿ ಅದಕ್ಕೆ ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ ಎಂದು ಹೆಸರಿಟ್ಟರು. ಜೀವ ಉಳಿಸಲೆಂದು ಕೊಟ್ಟ ಆಮ್ಲಜನಕ, ಯಂತ್ರದ ಒತ್ತಡ ಇವೇ ಎಳೆಯ ಶ್ವಾಸಕೋಶವನ್ನು ಗಾಸಿಗೊಳಿಸಿದ್ದವು. ಹುಟ್ಟಿ 28 ದಿನ ಕಳೆದರೂ ಆಮ್ಲಜನಕದ ಹಂಗು ತಪ್ಪದಿದ್ದರೆ ಈ ಕಾಯಿಲೆ ಎಂದು ಎಣಿಸುವುದು ವಾಡಿಕೆ.

ಇಂದು ಚಿಕಿತ್ಸೆ ಬಹಳ ಮುಂದುವರಿದಿದೆ. ಅಕಾಲದಲ್ಲಿ ನೋವು ಕಾಣಿಸಿಕೊಂಡ ತಾಯಿಗೆ ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಕೊಟ್ಟಾಗ ಅದರಿಂದ ಶಿಶುಮರಣ ತಗ್ಗುತ್ತದೆಂದು 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು; ನಮ್ಮ ಬೆಳಗಾವಿಯೂ ಆ ಅಧ್ಯಯನದಲ್ಲಿ ಪಾಲ್ಗೊಂಡಿತ್ತು. ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ. ಒಂದು ಕಾಲಕ್ಕೆ ಕೈಬಿಟ್ಟೇ ಬಿಡುತ್ತಿದ್ದ ಒಂದು, ಒಂದೂಕಾಲು ಕಿಲೋ ತೂಕದ ಕೂಸುಗಳು ಬದುಕಿ ಮನೆಗೆ ಬರುತ್ತಿವೆ. ನನ್ನ ಚಿಂತೆ ಇರುವುದು ಆ ಮನೆಯ ಬಗ್ಗೆ.

ಮನೆಗೆ ಬಂದ ಮಗುವಿಗೆ ಏನು ಕಾದಿರುತ್ತದೆ? ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಮಂಚದ ಕೆಳಗೆ ಅಗ್ಗಿಷ್ಟಿಕೆ. ಬೆಳಗಾದರೆ ಬಚ್ಚಲಲ್ಲಿ ಎಣ್ಣೆ-ನೀರು. 2016ರ ಉಜ್ವಲಾ ಯೋಜನೆಯಿಂದ ಅನೇಕ ಬಡವರ ಅಡುಗೆಮನೆಗೂ ಗ್ಯಾಸು ಬಂದಿತು, ನಿಜ. ಆದರೆ ಮಲೆನಾಡಿನ ಬಚ್ಚಲ ಹಂಡೆಯ ಕೆಳಗೆ ಇಂದಿಗೂ ಉರಿಯುವುದು ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಗರಿ. ಮಳೆಗಾಲದ ಹಸಿ ಸೌದೆಯಾದರಂತೂ ದೊಡ್ಡವರ ಕಣ್ಣಲ್ಲೇ ನೀರು ಬರುತ್ತದೆ. ಆ ಹೊಗೆಯಲ್ಲಿ ಮಿಂದ ಮಗುವನ್ನು ಕೂಡಲೇ ಸಾಂಬ್ರಾಣಿಯ ಕೆಂಡದ ಮೇಲೆ ಆಡಿಸುತ್ತಾರೆ. ನೆಗಡಿಯಾಗದಿರಲಿ ಎಂಬುದು ಉದ್ದೇಶ. ಸಂಜೆ ಜಗುಲಿಯಲ್ಲಿ ಅಜ್ಜನ ಬೀಡಿ ಬೇರೆ.

ತಿಂಗಳು ತುಂಬಿ ಹುಟ್ಟಿದ ಮಗುವಿಗೂ ಇದು ಒಳ್ಳೆಯದಲ್ಲ. ಗಾಸಿಗೊಂಡ ಶ್ವಾಸಕೋಶದ ಕೂಸಿಗೆ ಇದು ನೇರ ಅಪಾಯ. ಗಾಳಿಗೂಡುಗಳು ಹುಟ್ಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತವೆ. ಮಗು ಚೇತರಿಸಿಕೊಳ್ಳುವ ಭರವಸೆ ಇರುವುದೇ ಅಲ್ಲಿ. ಆ ಬೆಳವಣಿಗೆಯ ಕಾಲದಲ್ಲೇ ಹೊಗೆ ಕುಡಿಸಿದರೆ ಮೊದಲ ಮಳೆಗಾಲದ ಸಾಮಾನ್ಯ ನೆಗಡಿಯೂ ಪಕ್ಕೆ ಸೆಳೆತಕ್ಕೆ ತಿರುಗಿ ಮಗು ಮತ್ತೆ ಆಸ್ಪತ್ರೆ ಸೇರುತ್ತದೆ.

ಅಜ್ಜಿಯರನ್ನು ಹಳಿಯುವುದು ನನ್ನ ಇರಾದೆಯಲ್ಲ. ಎಳೆಗೂಸಿಗೆ ಬೆಚ್ಚಗಿರಬೇಕು ಎಂಬ ಅವರ ತಿಳಿವಳಿಕೆ ಅಕ್ಷರಶಃ ಸರಿ; ಶೀತದಿಂದ ಸತ್ತ ಚಿಕ್ಕ ತೂಕದ ಮಕ್ಕಳಿಗೆ ಲೆಕ್ಕವಿಲ್ಲ. ತಪ್ಪಿರುವುದು ಶಾಖಕ್ಕೂ ಹೊಗೆಗೂ ಗಂಟುಹಾಕಿದ್ದರಲ್ಲಿ. ಕೊಲಂಬಿಯಾದ ಬೊಗೋಟಾ ನಗರದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ ವೈದ್ಯರು ಕೂಸನ್ನು ತಾಯಿಯ ಬರಿಯೆದೆಗೆ ಕಟ್ಟಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ವ್ಯಾಪಕವಾಗಿ ಜಾರಿಗೆ ತಂದು ನೋಡಿದ್ದಾರೆ. ಕೆಂಡವಿಲ್ಲದ, ಖರ್ಚಿಲ್ಲದ ಶಾಖ ಅದು.

ಇದನ್ನು ಹೇಳಬೇಕಾದುದು ಯಾರಿಗೆ ಎಂಬಲ್ಲಿಯೇ ನಮ್ಮ ವ್ಯವಸ್ಥೆ ಎಡವುತ್ತಿದೆ ಎಂಬುದು ನನ್ನ ಅಭಿಪ್ರಾಯ. ಬಿಡುಗಡೆಯ ದಿನ ವೈದ್ಯರೋ ದಾದಿಯೋ ಹೇಳುವುದು ಇಪ್ಪತ್ತು ವರ್ಷದ ತಾಯಿಗೆ. ಬಾಣಂತನದ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ. ನಡೆಯುವುದು ಅವಳ ತಾಯಿಯದು ಅಥವಾ ಅತ್ತೆಯದು. ಅವರು ಆ ಹೊತ್ತಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಗಂಟುಮೂಟೆ ಕಾಯುತ್ತ ಕುಳಿತಿರುತ್ತಾರೆ. ದಿನ ತುಂಬದ ಮಕ್ಕಳ ಕಣ್ಣು ಉಳಿಸಲು 2008ರಿಂದ ನಮ್ಮ ರಾಜ್ಯದಲ್ಲಿ ನಾರಾಯಣ ನೇತ್ರಾಲಯದ ತಂಡವೊಂದು ಜಿಲ್ಲೆ ಜಿಲ್ಲೆಗೆ ಕ್ಯಾಮೆರಾ ಹೊತ್ತು ಹೋಗುತ್ತಿದೆ. ಶ್ವಾಸಕೋಶದ ವಿಷಯದಲ್ಲಿ ಮನೆಯವರಿಗೆ ತಿಳಿಹೇಳಲು ಅಷ್ಟು ದುಬಾರಿಯ ಉಪಕರಣವೂ ಬೇಕಿಲ್ಲ.

ಆ ಅಜ್ಜಿಯನ್ನು ಒಳಗೆ ಕರೆಯಿರಿ. ಬಿಡುಗಡೆ ಚೀಟಿಯ ಮೇಲೆ ಬಚ್ಚಲ ಹೊಗೆ, ಸಾಂಬ್ರಾಣಿ, ಬೀಡಿ ಈ ಮೂರೂ ಕೂಡದೆಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಮನೆಗೆ ಬರುವ ಆಶಾ ಕಾರ್ಯಕರ್ತೆ ತೂಕ ನೋಡುವಾಗಲೇ ಬಚ್ಚಲ ಕಡೆಗೂ ಒಮ್ಮೆ ಇಣುಕಲಿ. ಕಾಂಗರೂ ಆರೈಕೆಯನ್ನು ತಾಯಿಯೊಬ್ಬಳೇ ಮಾಡಬೇಕೆಂದಿಲ್ಲ, ತಂದೆಯೂ ಅಜ್ಜಿಯೂ ಮಾಡಬಹುದು. ಸಾಂಬ್ರಾಣಿಯ ಧೂಪಾರತಿಯನ್ನು ಆಕೆಯ ಕೈಯಿಂದ ಇಳಿಸುವ ಮೊದಲು ಕೂಸನ್ನು ಆಕೆಯ ಎದೆಯ ಮೇಲೆ ಮಲಗಿಸಿ, ಮೇಲೊಂದು ಹತ್ತಿಯ ಸೀರೆ ಹೊದಿಸಿ, ಅರ್ಧ ಗಂಟೆ ಬಿಟ್ಟು ಆಕೆಯಿಂದಲೇ ಮಗುವಿನ ಅಂಗಾಲು ಮುಟ್ಟಿಸಿ ನೋಡಿಸಿರಿ.