ಮನೆಯ ಗರಿಷ್ಠ, ಊರಿನ ಗರಿಷ್ಠ

ಸ್ಮಾರ್ಟ್ ಮೀಟರ್ ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಮೀಟರಿನ ಬೆಲೆಯ ಸುತ್ತಲೇ ಗಿರಕಿ ಹೊಡೆದಿದೆ. ಬೆಲೆ ಒಮ್ಮೆ ತೆತ್ತರೆ ಮುಗಿಯಿತು. ಅದು ಅಳೆದದ್ದಕ್ಕೆ ಯಾವ ದರ ಬೀಳುತ್ತದೆ ಎಂಬುದು ಪ್ರತಿ ತಿಂಗಳೂ ಎದುರಾಗುವ ಪ್ರಶ್ನೆ.

ತಟ್ಟೆ ತಿರುಗುತ್ತಿದ್ದ ಹಳೆಯ ಮೀಟರ್ ಯೂನಿಟ್‌ಗಳನ್ನಷ್ಟೇ ಎಣಿಸುತ್ತಿತ್ತು. ಹೊಸದು ಯಾವ ಹೊತ್ತಿನಲ್ಲಿ ಎಷ್ಟು ಕಿಲೋವಾಟ್ ಬಳಕೆಯಾಯಿತೆಂಬುದನ್ನೂ ದಾಖಲಿಸುತ್ತದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ಕುರಿತ ಕೇಂದ್ರದ ನಿಯಮಗಳಿಗೆ 2023ರ ಜೂನ್‌ನಲ್ಲಿ ಆದ ತಿದ್ದುಪಡಿ ಈ ದಾಖಲೆಯನ್ನು ಎರಡು ಬಗೆಯಲ್ಲಿ ಬಳಸಿಕೊಳ್ಳುತ್ತದೆ. ಮೊದಲನೆಯದಾಗಿ, ಬಿಸಿಲಿನ ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಶೇ 20ರಷ್ಟಾದರೂ ಕಡಿಮೆ ಇರಬೇಕು. ಹೆಚ್ಚು ಬೇಡಿಕೆಯ ಗಂಟೆಗಳಲ್ಲಿ ಮನೆಗಳಿಗೆ ಶೇ 10ರಷ್ಟಾದರೂ ಹೆಚ್ಚಿರಬೇಕು. ಎರಡನೆಯದಾಗಿ, ಮನೆಯ ಗರಿಷ್ಠ ಬೇಡಿಕೆ ಮಂಜೂರಾದ ಲೋಡನ್ನು ಮೀರಿದರೆ ಆ ತಿಂಗಳ ಬಿಲ್ಲನ್ನು ದಾಖಲಾದ ಬೇಡಿಕೆಯ ಮೇಲೆ ಲೆಕ್ಕ ಹಾಕಬೇಕು. ವರ್ಷದಲ್ಲಿ ಮೂರು ಬಾರಿಯಾದರೂ ಮೀರಿದರೆ ಮಾತ್ರ ಲೋಡನ್ನೇ ಏರಿಸಬಹುದು ಎಂಬ ರಕ್ಷಣೆಯೂ ಇದೆಯೆನ್ನಿ.

ಮೊದಲನೆಯದು ನ್ಯಾಯವಾದುದು. ಎರಡನೆಯದರ ಬಗ್ಗೆ ನನ್ನ ತಕರಾರಿದೆ.

ವಿದ್ಯುತ್ ಸ್ಥಾವರಗಳನ್ನೂ ಪ್ರಸರಣ ಮಾರ್ಗಗಳನ್ನೂ ಕಟ್ಟುವುದು ಇಡೀ ರಾಜ್ಯ ಒಟ್ಟಾಗಿ ಅತಿ ಹೆಚ್ಚು ಕೇಳುವ ಗಳಿಗೆಗಾಗಿ. ಒಂದೊಂದು ಮನೆಯ ಗರಿಷ್ಠಕ್ಕಾಗಿ ಅಲ್ಲ. ಮೂರು ಕಿಲೋವಾಟ್ ಲೋಡಿನ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಹಗಲು ಹನ್ನೊಂದಕ್ಕೆ ಎರಡು ಕಿಲೋವಾಟಿನ ಗೀಸರ್, ಇಸ್ತ್ರಿ ಪೆಟ್ಟಿಗೆ, ಒಂದು ಅಶ್ವಶಕ್ತಿಯ ಪಂಪು ಅರ್ಧ ಗಂಟೆ ಒಟ್ಟಿಗೆ ನಡೆಯುತ್ತವೆ. ಬೇಡಿಕೆ ಮೂರೂಮುಕ್ಕಾಲು ತಲುಪುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಬಿಸಿಲು ಕಾಯುತ್ತಿರುವ ಹೊತ್ತು ಅದು. ಇನ್ನೊಂದು ಮನೆ ಸಂಜೆ ಏಳಕ್ಕೆ ಏಸಿ, ಇಂಡಕ್ಷನ್ ಒಲೆ ಹಚ್ಚಿ ಮೂರರೊಳಗೇ ಉಳಿಯುತ್ತದೆ. ಬೇಡಿಕೆಯ ಲೆಕ್ಕದಲ್ಲಿ ಹೆಚ್ಚು ತೆರುವುದು ಮೊದಲ ಮನೆ. ರಾಜ್ಯವು ದುಬಾರಿ ವಿದ್ಯುತ್ತನ್ನು ಖರೀದಿಸಬೇಕಾಗುವುದು ಎರಡನೆಯ ಮನೆಯ ಹೊತ್ತಿಗೆ.

ಬೀದಿಯ ತಂತಿ, ಟ್ರಾನ್ಸ್‌ಫಾರ್ಮರ್‌ಗಳೂ ಹೊರೆ ತಾಳಬೇಡವೇ ಎಂದು ಎಂಜಿನಿಯರ್ ಮಿತ್ರರು ಕೇಳುವರು. ಕೇಳಲಿ, ಕಿಲೋವಾಟಿಗೆ ಇಂತಿಷ್ಟೆಂದು ನಿಗದಿತ ಶುಲ್ಕವನ್ನು ನಾವು ತೆರುತ್ತಿರುವುದು ಅದಕ್ಕೇ. ಟ್ರಾನ್ಸ್‌ಫಾರ್ಮರ್ ಕಾಣುವುದು ಕೂಡ ಬೀದಿಯ ಒಟ್ಟು ಹೊರೆಯನ್ನು.

ಗೃಹಜ್ಯೋತಿಯ ಶೂನ್ಯ ಬಿಲ್ಲಿನ ಮನೆಗೆ ಯಾವ ಗಂಟೆಯ ದರವೂ ತಟ್ಟುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ದುಡಿದು ಏಳಕ್ಕೆ ಮನೆ ಸೇರುವ ಹೆಣ್ಣುಮಗಳು ಅಡುಗೆಯನ್ನು ಹಗಲಿಗೆ ತಳ್ಳಲಾರಳು; ಹೊತ್ತಿನ ದರ ನಿಗದಿಪಡಿಸುವಾಗ ಅವಳ ಮೊದಲ ಕೆಲವು ಯೂನಿಟ್‌ಗಳಿಗಾದರೂ ವಿನಾಯಿತಿ ಬೇಕು.

ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮನೆಯ ಗರಿಷ್ಠ ಬೇಡಿಕೆಯನ್ನು ಬೆಳಗು-ಸಂಜೆಯ ಒತ್ತಡದ ಗಂಟೆಗಳಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಕೇಂದ್ರವನ್ನು ಒತ್ತಾಯಿಸಬೇಕು. ಹೊಸ ಮೀಟರ್ ಬಂದ ಮನೆಗೆ ಒಂದು ವರ್ಷ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಒಂದೇ ಬಿಲ್ಲಿನಲ್ಲಿ ತೋರಿಸಿ, ಹಣವನ್ನು ಹಳೆಯದರಂತೆಯೇ ಪಡೆಯಲಿ.