ಸದ್ದು ಜೋರಾದರೆ ಮರ ಬೇಗ ತುಂಡಾಗೋಲ್ಲ ಮಾರಾಯ್ರೆ!

ಊರಲ್ಲಿ ಈಗ ಹೊಸ ಹುಚ್ಚೊಂದು ಶುರುವಾಗಿದೆ. ಮರ ಕೊಯ್ಯುವ ಮಿಷನ್ನು, ಅದೇ ಚೈನ್ ಸಾ, ಅದರ ಸೈಲೆನ್ಸರಿಗೆ ಡ್ರಿಲ್ಲಿನಲ್ಲಿ ನಾಲ್ಕು ತೂತು ಹೊಡೆಯುವುದು, ಒಳಗಿನ ಜಾಲರಿ ಕಿತ್ತು ಬಿಸಾಕುವುದು, ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ "ಈಗ ನೋಡಿ ಪವರ್ರು" ಅನ್ನುವುದು. ರಜೆಯಲ್ಲಿ ಶಿರಸಿ, ಸಾಗರದ ಕಡೆ ಹೋದವರು ಆ ಕಿರುಚಾಟ ಕೇಳಿಯೇ ಇರುತ್ತೀರಿ. ಪುಣೆಯ ಭೋಸರಿಯಲ್ಲಿ ಇಂಜಿನ್ ಬಿಡಿಭಾಗಗಳ ನಡುವೆ ಇಪ್ಪತ್ತೇಳು ವರ್ಷ ಕಳೆದವನು ನಾನು. ಆ ಸಲುಗೆಯಲ್ಲಿ ಹೇಳ್ತೀನಿ, ಅದರಲ್ಲಿ ಮುಕ್ಕಾಲು ಪಾಲು ಬರೀ ಗಲಾಟೆ.

ಇಂಜಿನ್ ಮುಟ್ಟಲೇಬಾರದು ಅಂತ ನನ್ನ ವಾದವಲ್ಲ. ಹೊಗೆ, ಸದ್ದಿನ ಕಾನೂನಿಗೋಸ್ಕರ ಕಂಪನಿಯವರು ಸಣ್ಣ ಮಿಷನ್ನುಗಳ ಸೈಲೆನ್ಸರನ್ನು ಉಸಿರು ಕಟ್ಟಿಸಿಯೇ ಕಳಿಸುವುದುಂಟು. ದಾರಿ ಬಿಡಿಸಿದರೆ ಸ್ವಲ್ಪ ಶಕ್ತಿ ಬರುತ್ತೆ, ನಿಜ. ಆದರೆ ಗಾಳಿ ಜಾಸ್ತಿ ಹೋದ ಮೇಲೆ ಪೆಟ್ರೋಲೂ ಜಾಸ್ತಿ ಹೋಗಬೇಕಲ್ಲ? ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ (ಪಕ್ಕದ ಟ್ಯಾಂಕಿನಲ್ಲಿರುವುದು ಚೈನಿಗೆ ಮಾತ್ರ). ಹೆಚ್ಚಿನವಕ್ಕೆ ೫೦ಕ್ಕೆ ಒಂದು ಪಾಲು, ಅಂದರೆ ಲೀಟರ್ ಪೆಟ್ರೋಲಿಗೆ ೨೦ ಎಂ.ಎಲ್. ಟೂ-ಟಿ ಆಯಿಲ್. ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಜಿಡ್ಡು ಅಷ್ಟೇ. ಪೆಟ್ರೋಲ್ ಕಡಿಮೆಯಾದರೆ ಜಿಡ್ಡೂ ಕಡಿಮೆ, ಬಿಸಿ ಮಾತ್ರ ಹೆಚ್ಚು. ನಿಮಿಷಕ್ಕೆ ೧೨-೧೩ ಸಾವಿರ ಸುತ್ತು ತಿರುಗುವ ಇಂಜಿನ್ ಇದು. ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಲ್ಲಿ ಇಣುಕಿ ನೋಡಿ. ಪಿಸ್ಟನ್ನಿನ ಮೇಲೆ ಉದ್ದುದ್ದ ಗೀರು ಬಿದ್ದಿದ್ದರೆ ಕಥೆ ಮುಗೀತು.

ಮಜಾ ಏನು ಗೊತ್ತಾ? ಪೆಟ್ರೋಲ್ ಸರಿಯಾಗಿ ಸಿಗುವ ಮಿಷನ್ನು ಖಾಲಿಯಾಗಿ ಪೂರ್ತಿ ಎಳೆದಾಗ ಸ್ವಲ್ಪ ಗೊರಗೊರ ಅನ್ನುತ್ತೆ, ಮರಕ್ಕೆ ಇಟ್ಟ ಕೂಡಲೇ ಸ್ವರ ತಿಳಿಯಾಗುತ್ತೆ. ಹಾಗೇ ಇರಬೇಕು ಅದು. ನಮ್ಮ ಹುಡುಗರಿಗೆ ಆ ಗೊರಗೊರವೇ ರೋಗ! "ಎಚ್" ಸ್ಕ್ರೂ ಬಲಕ್ಕೆ ಬಿಗಿಯುತ್ತಾರೆ, ಪಿಕಪ್ ಬಂದ ಹಾಗಾಗುತ್ತೆ. ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತಲ್ಲ, ಹಾಗೆ. ಕೆಲವು ಸಣ್ಣ ಮಾಡೆಲ್ಲುಗಳಲ್ಲಿ ಆ ಸ್ಕ್ರೂವೇ ಇಲ್ಲ, ಜೆಟ್ ಕಂಪನಿಯಲ್ಲೇ ಫಿಕ್ಸು. ಅಂಥದ್ದರ ಸೈಲೆನ್ಸರ್ ಕೊರೆಯುವವರಿಗೆ ಏನು ಹೇಳೋಣ...

ಇದರ ಮೇಲೆ ಪೆಟ್ರೋಲಿನ ಕಥೆ ಬೇರೆ. ೨೦೨೫ರ ಹೊತ್ತಿಗೆ ನಮ್ಮ ಬಂಕುಗಳಿಗೆ ಶೇ. ೨೦ ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಾಯಿತು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ೧೪.೭ ಕೆ.ಜಿ. ಗಾಳಿ ಬೇಕು, ಎಥನಾಲಿಗೆ ೯ ಸಾಕು. ಅಂದರೆ ಹಳೇ ಸೆಟ್ಟಿಂಗಿನಲ್ಲೇ ಬಿಟ್ಟರೂ ಇಂಜಿನ್ನಿಗೆ ಇಂಧನ ತುಸು ಕಡಿಮೆಯೇ ಬೀಳುತ್ತೆ. ಹೀಗಿರುವಾಗ ಸ್ಕ್ರೂ ಸಡಿಲಿಸಬೇಕೋ ಬಿಗಿಯಬೇಕೋ, ನೀವೇ ಹೇಳಿ.

ಸಿಲಿಂಡರ್ ಅಡಿಯ ಪ್ಯಾಕಿಂಗ್ ತೆಗೆದು ಕಂಪ್ರೆಶನ್ ಏರಿಸುವ ಶೂರರೂ ಇದ್ದಾರೆ. ಪ್ಲಗ್ಗಿನ ತೂತಿನಿಂದ ಬೆಸುಗೆ ತಂತಿ ಇಳಿಸಿ, ಇಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆದು, ಅರ್ಧ ಮಿಲಿಮೀಟರ್ ಜಾಗವಾದರೂ ಉಳಿದಿದೆಯಾ ಅಂತ ನೋಡಿದ ಒಬ್ಬನನ್ನೂ ನಾನು ಊರಲ್ಲಿ ಕಂಡಿಲ್ಲ.

ಅಷ್ಟಕ್ಕೂ ಮಿಷನ್ ಎಳೆಯುತ್ತಿಲ್ಲ ಅನ್ನುವವರ ಚೈನ್ ನೋಡಿದ್ದೀರಾ? ಹಲ್ಲು ಮೊಂಡಾಗಿ ಹೊಳೆಯುತ್ತಿರುತ್ತೆ. ಹಲ್ಲು ಚೂಪಿದ್ದರೆ ಚಕ್ಕೆ ಹಾರಬೇಕು, ಹಿಟ್ಟಿನಂಥ ಪುಡಿ ಬಂತೆಂದರೆ ಅರ ಹಾಕಬೇಕು ಅಂತಲೇ ಅರ್ಥ. ಸಣ್ಣ ಮಿಷನ್ನಿನ ಚೈನಿಗೆ ಸಾಮಾನ್ಯವಾಗಿ ೪ ಮಿ.ಮೀ. ದುಂಡು ಅರ, ೩೦ ಡಿಗ್ರಿ ಓರೆ, ಹಲ್ಲಿಗೆ ಎರಡು-ಮೂರು ಸಲ ಮುಂದಕ್ಕೆ ಮಾತ್ರ ಉಜ್ಜಿದರಾಯಿತು. ಹಲ್ಲಿನ ಮುಂದಿರುವ ಮೊಂಡು ಮೂತಿ ೦.೬೫ ಮಿ.ಮೀ. ತಗ್ಗಿರಬೇಕು. ೩೦ ಸಿಸಿ ಮಿಷನ್ನಿಗೆ ೧೪ ಇಂಚಿನ ಬಾರ್ ಸರಿ. ೧೮ ಇಂಚಿನದ್ದು ಸಿಕ್ಕಿಸಿ ಪವರ್ ಸಾಲದು ಅಂದರೆ? ನನ್ನ ಮಾತು ನಂಬಬೇಡಿ, ಒಂದೇ ದಪ್ಪದ ದಿಮ್ಮಿ ಇಟ್ಟುಕೊಂಡು, ಅರ ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ಕೊಯ್ದು ಗಡಿಯಾರ ನೋಡಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಸೈಲೆನ್ಸರ್ ಕೊರೆದವನು ವಿಡಿಯೋ ಮಾಡಿಕೊಂಡು ಮನೆಗೆ ಹೋಗುತ್ತಾನೆ. ದಿನವಿಡೀ ಮಿಷನ್ ಹಿಡಿಯುವವನು ಕೂಲಿಯವನು. ಕಂಪನಿ ಸೈಲೆನ್ಸರ್ ಇದ್ದಾಗಲೇ ಅವನ ಕಿವಿಗೆ ಬೀಳುವುದು ೧೦೦ ಡೆಸಿಬಲ್ ಆಸುಪಾಸಿನ ಸದ್ದು. ಕಿತ್ತೆಸೆದ ಜಾಲರಿ ಇದ್ದದ್ದು ಕಿಡಿ ತಡೆಯಲಿಕ್ಕೆ. ಏಪ್ರಿಲ್ಲಿನಲ್ಲಿ ಸೊಪ್ಪಿನ ಬೆಟ್ಟದ ತರಗೆಲೆಯ ಮೇಲೆ ಆ ಮಿಷನ್ ಹಿಡಿದು ನಿಲ್ಲುವವನೂ ಅವನೇ. ಬೇಡ ಅನ್ನುವ ಹಕ್ಕು ಅವನಿಗಿಲ್ಲ, ಕೇಳುವವರೂ ಇಲ್ಲ.

ಮತ್ತೆ ನಾವು? ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತು ಆನ್‌ಲೈನಿನಲ್ಲಿ ಬುಕ್ ಮಾಡಿ "ಅಪ್ಪಯ್ಯಾ, ಮಿಷನ್ ಕಳಿಸಿದೀನಿ" ಅಂತ ಫೋನ್ ಮಾಡಿದರೆ ಮಗನ ಕರ್ತವ್ಯ ಮುಗಿಯಿತು. ಜೊತೆಗೆ ಅರ, ಕಿವಿಗೆ ಇಯರ್ ಮಫ್, ಕಾಲಿಗೆ ಗಟ್ಟಿ ಬೂಟು ಕಳಿಸಿದವರು ಎಷ್ಟು ಜನ, ಕೈ ಎತ್ತಿ ನೋಡೋಣ. ದೀಪಾವಳಿಗೆ ಊರಿಗೆ ಹೊರಟವರ ಬ್ಯಾಗಿನಲ್ಲಿ ಇವಿಷ್ಟು ಇರಲಿ. ಬಾಕರವಡಿ ಪೊಟ್ಟಣ ಒಂದು ಕಡಿಮೆಯಾದರೆ ಯಾರೂ ಬೈಯುವುದಿಲ್ಲ.