ಹಳೆ ಪೆಟ್ಟಿಗೆಗೆ ಹೊಸ ಆಟ

ಬೆಂಗಳೂರಿನ ಕಂಪನಿಗಳಿಗೆ ಬೇಡವಾದ ಕಂಪ್ಯೂಟರುಗಳು ಎಲ್ಲಿಗೆ ಹೋಗುತ್ತವೆ? ಕೆಲವು ಗುಜರಿಗೆ. ಇನ್ನು ಕೆಲವು ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆಗೆ ಬಂದು, ಧೂಳು ಕೊಡವಿಸಿಕೊಂಡು, ಮೈ ಒರೆಸಿಕೊಂಡು, 'ರಿಫರ್ಬಿಶ್ಡ್' ಎಂಬ ಗೌರವದ ಹೆಸರು ಪಡೆದು ಮತ್ತೆ ಮಾರಾಟಕ್ಕೆ ನಿಲ್ಲುತ್ತವೆ. ಅಲ್ಲಿಂದ ಅವುಗಳ ಎರಡನೇ ಜನ್ಮ. ಸುಮಾರು 60 ಕಿ.ಮೀ. ದೂರದ ಚಿಕ್ಕಬಳ್ಳಾಪುರಕ್ಕೋ, ಅದಕ್ಕೂ ಆಚೆಯ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿಗೋ ಅವು ಬಸ್ಸು ರೈಲುಗಳ ಸೀಟಿನಡಿ ಕೂತು ಬರುತ್ತವೆ. ಮನೆಗೆ ಬಂದಾಗ ಎಲ್ಲರೂ ಒಪ್ಪಿದ ಕಾರಣ ಒಂದೇ: ಮಕ್ಕಳ ಓದು.

ಆರು ತಿಂಗಳಲ್ಲಿ ಎರಡನೇ ಕಾರಣ ತಲೆ ಎತ್ತುತ್ತದೆ. ಗೆಳೆಯನ ಮನೆಯಲ್ಲಿ ಜಿಟಿಎ ಓಡುತ್ತದೆ, ಇಲ್ಲಿ ತೆವಳುತ್ತದೆ. 'ಅಪ್ಪಾ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸಾಕು' ಎಂದು ಮಗ. ವಿಚಾರಿಸಿದರೆ ಆ ಕಾರ್ಡಿನ ಬೆಲೆ ಅನೇಕ ವೇಳೆ ಇಡೀ ಹಳೆಯ ಕಂಪ್ಯೂಟರಿನ ಬೆಲೆಯನ್ನೇ ಮೀರಿಸುತ್ತದೆ! ಈ ಸಲ ಗೂಡಿನ ದರ ಹೇಗಿತ್ತು, ಟೊಮೆಟೊ ಏನಾಯಿತು ಎಂದು ಲೆಕ್ಕ ಹಾಕುವ ಅಪ್ಪನಿಗೆ 'ಸಾಕು' ಎಂಬ ಆ ಮಾತಿನ ಮೇಲೆಯೇ ಅನುಮಾನ. ಅನುಮಾನ ಸರಿಯಾದದ್ದೇ. ಹಾಗೆಂದು ಮಗ ಸುಳ್ಳು ಹೇಳುತ್ತಿಲ್ಲ. ಕೆಲವು ಕಂಪ್ಯೂಟರುಗಳಿಗೆ ಕಾರ್ಡ್ ಒಂದೇ ಸಾಕು. ಕೆಲವಕ್ಕೆ ಕಾರ್ಡ್ ಹಾಕಿದರೂ ಏನೂ ಆಗದು. ತನ್ನದು ಯಾವ ಗುಂಪಿನದು ಎಂದು ಹಣ ಕೊಡುವ ಮೊದಲೇ ತಿಳಿಯಬಹುದು. ಅದಕ್ಕೆ ಖರ್ಚು ಇಲ್ಲ, ಅರ್ಧ ಗಂಟೆ ಬೇಕು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೂಡು ಬೇಯಬೇಕು, ಎಳೆಯ ತುದಿ ಸಿಗಬೇಕು, ನೂಲು ರಾಟೆಗೆ ಸುತ್ತಬೇಕು. ಗೂಡು ಬೇಯಿಸುವ ಕಡೆ ತಡವಾಗುತ್ತಿದ್ದರೆ ರಾಟೆಯನ್ನು ಎಷ್ಟು ವೇಗವಾಗಿ ತಿರುಗಿಸಿ ಏನು ಫಲ? ಹೆಚ್ಚುವರಿ ರಾಟೆ ತಂದರೆ ಅದೂ ಕಾಯುತ್ತಾ ನಿಲ್ಲುತ್ತದೆ. ಕಂಪ್ಯೂಟರಿನಲ್ಲೂ ಹೀಗೆಯೇ. ಆಟದ ಲೆಕ್ಕಾಚಾರ ಪ್ರೊಸೆಸರಿನದು, ಸಾಮಾನು ಹರಡಿಕೊಳ್ಳುವ ಜಾಗ ರ‍್ಯಾಮ್, ಉಗ್ರಾಣ ಡಿಸ್ಕ್, ಚಿತ್ರ ಬರೆಯುವುದು ಗ್ರಾಫಿಕ್ಸ್ ಚಿಪ್. ನಾಲ್ವರಲ್ಲಿ ಯಾರು ನಿಧಾನವೋ ಆಟ ಅವರ ವೇಗದಲ್ಲೇ ಓಡುತ್ತದೆ.

ಚಿತ್ರ ಬರೆಯುವ ಕೆಲಸ ಎಷ್ಟು ದೊಡ್ಡದು ನೋಡಿ. 1920 ಗುಣಿಸು 1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಆಟ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ನಿರ್ಧರಿಸಬೇಕು. ಒಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗೂ ಕಡಿಮೆ. ಇದನ್ನು ಒಬ್ಬ ಜಾಣ ಮಾಡಲಾರ, ಸಾವಿರ ಸಾಮಾನ್ಯರು ಸೇರಿ ಮಾಡಬೇಕು. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ನೆನಪಿಸಿಕೊಳ್ಳಿ. ದೊಡ್ಡ ತಟ್ಟೆಯ ಬದಲು ಅಲ್ಲಿ ಒಂದು ಸಾವಿರ ಸಾಧಾರಣ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ನಿಲ್ಲಿಸಿದರು. ಒಂದೊಂದೂ ಸಪ್ಪೆ, ಒಟ್ಟಾದರೆ ಆಕಾಶದ ದನಿ ಕೇಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಒಳಗೂ ಇದೇ ಉಪಾಯ. 2019ರಲ್ಲಿ ಬಂದ ಜಿಟಿಎಕ್ಸ್ 1650 ಎಂಬ ಅಗ್ಗದ ಕಾರ್ಡಿನಲ್ಲಿ 896 ಪುಟ್ಟ ಲೆಕ್ಕಿಗರಿದ್ದಾರೆ. ಕಚೇರಿ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ಇರುವವರು ಸಾಮಾನ್ಯವಾಗಿ ನಾಲ್ವರು ಪಂಡಿತರು.

ಇನ್ನು ಪರೀಕ್ಷೆ. ಆಟ ಶುರು ಮಾಡಿ ಹತ್ತು ನಿಮಿಷ ಆಡಿ. ನಡುವೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಪರ್ಫಾರ್ಮೆನ್ಸ್' ಎಂಬಲ್ಲಿ ನಾಲ್ಕು ಗೆರೆಗಳನ್ನು ನೋಡಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ, ಡಿಸ್ಕ್ ನೂರಕ್ಕೆ ಅಂಟಿಕೊಂಡಿದ್ದರೆ ಕಾರ್ಡಿನ ಮಾತು ಆಮೇಲೆ. ಪ್ರೊಸೆಸರ್ ನೂರರಲ್ಲಿದ್ದು ಗ್ರಾಫಿಕ್ಸ್ ಐವತ್ತರಲ್ಲಿ ಆಕಳಿಸುತ್ತಿದ್ದರೆ ಹೊಸ ಕಾರ್ಡೂ ಅಲ್ಲಿ ಆಕಳಿಸುತ್ತದೆ. ಗ್ರಾಫಿಕ್ಸ್ ಮಾತ್ರ ನೂರರಲ್ಲಿದ್ದು ಉಳಿದವರು ಆರಾಮಾಗಿದ್ದರೆ ಮಗನ ಮಾತೇ ನಿಜ. ಈ ಪರದೆಯ ಒಂದು ಫೋಟೊ ತೆಗೆದು ಅಪ್ಪ ಅಮ್ಮನಿಗೆ ತೋರಿಸಿದರೆ ವಾದ ಅರ್ಧ ಮುಗಿದಂತೆ.

ಹೆಚ್ಚಿನ ಹಳೆಯ ಕಂಪ್ಯೂಟರುಗಳು ಮೊದಲು ಸೋಲುವುದು ರ‍್ಯಾಮ್ ಮತ್ತು ಡಿಸ್ಕಿನಲ್ಲಿ. 4 ಜಿಬಿಯ ಒಂದೇ ಕಡ್ಡಿ ಇರುವ ಯಂತ್ರಕ್ಕೆ ಇಂದಿನ ಆಟ ಹೊರಿಸುವುದು ಅನ್ಯಾಯ. 2023ರ ಸೆಪ್ಟೆಂಬರಿನಲ್ಲಿ ಬಂದ ಕೌಂಟರ್ ಸ್ಟ್ರೈಕ್ 2ಕ್ಕೆ 8 ಜಿಬಿ ಕನಿಷ್ಠ. ಗಮನಿಸಬೇಕಾದದ್ದು, ಡಿಡಿಆರ್3 ಕಡ್ಡಿ ಡಿಡಿಆರ್4 ಗೂಡಿಗೆ ಕೂರುವುದಿಲ್ಲ. ಕೊಳ್ಳುವ ಮೊದಲು ಯಾವುದೆಂದು ನೋಡಿಕೊಳ್ಳಬೇಕು. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಚಿಪ್ ಕೂಡ ಇದೇ ರ‍್ಯಾಮಿನಿಂದ ಸಾಲ ಪಡೆಯುವುದರಿಂದ, 8 ಜಿಬಿಯ ಒಂದು ಕಡ್ಡಿಗಿಂತ 4 ಜಿಬಿಯ ಎರಡು ಕಡ್ಡಿ ಮೇಲು: ಎರಡು ದಾರಿಯಲ್ಲಿ ಸಾಮಾನು ಬರುತ್ತದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದೇ ಕಾರಣ. ಅಮೆರಿಕದಲ್ಲಿ ಯಾರೋ ಕಟ್ಟಿದ ಕಟ್ಟಡದ ಬಿಸಿ ಚಿಂತಾಮಣಿಯ ಹುಡುಗನ ಜೇಬಿಗೆ ತಟ್ಟುವುದು ಹೀಗೆ. ಹಾಗಾಗಿ ಹಿಂದಿನ ವರ್ಷದ ಬೆಲೆಯನ್ನು ನಂಬಿ ಹೊರಡಬೇಡಿ.

ಎಸ್‌ಎಸ್‌ಡಿ ಹಾಕಿದರೆ ಆಟದ ಚಿತ್ರಗಳ ವೇಗ ಹೆಚ್ಚುವುದಿಲ್ಲ, ಆದರೆ ಕಾಯುವುದು ತಪ್ಪುತ್ತದೆ, ಓದುವ ಕೆಲಸಕ್ಕೂ ಅದೇ ಯಂತ್ರ ಚುರುಕಾಗುತ್ತದೆ. ಹೆತ್ತವರು ಬೇಸರವಿಲ್ಲದೆ ಹಣ ಕೊಡಬಹುದಾದ ಭಾಗ ಇದೊಂದೇ ಇರಬೇಕು!

ಕಾರ್ಡಿಗೆ ಬರೋಣ. ಇಲ್ಲಿ ಹಣ ಕಳೆದುಕೊಳ್ಳುವವರು ಕಾರ್ಡಿನ ಹೆಸರು ನೋಡುತ್ತಾರೆ, ಪೆಟ್ಟಿಗೆಯ ಒಳಗು ನೋಡುವುದಿಲ್ಲ. ಕಚೇರಿಯ ತೆಳು ಕ್ಯಾಬಿನೆಟ್ಟಿಗೆ ಸುಮಾರು 7 ಸೆಂ.ಮೀ. ಎತ್ತರದ 'ಲೋ ಪ್ರೊಫೈಲ್' ಕಾರ್ಡ್ ಮಾತ್ರ ಹಿಡಿಸುತ್ತದೆ. ಸಾಮಾನ್ಯ ಕಾರ್ಡಿನ ಎತ್ತರ ಸುಮಾರು 11 ಸೆಂ.ಮೀ. ಮುಚ್ಚಳ ತೆಗೆದಿಟ್ಟು ಆಡುವವರೂ ಇದ್ದಾರೆ, ಜಿಲ್ಲೆಯ ಧೂಳಿಗೆ ಅದು ಆಹ್ವಾನ ಪತ್ರಿಕೆ. ಎರಡನೆಯದು ಎಸ್‌ಎಂಪಿಎಸ್. ಮದರ್‌ಬೋರ್ಡಿನ ಗೂಡು ಕಾರ್ಡಿಗೆ ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್, ಕೆಲವು ತೆಳು ಮಾದರಿಗಳಲ್ಲಿ ಅದಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಬೇರೆ ತಂತಿ ಬೇಕು, ಕಚೇರಿ ಯಂತ್ರದ ಎಸ್‌ಎಂಪಿಎಸ್‌ನಲ್ಲಿ ಆ ತಂತಿ ಬಹುಮಟ್ಟಿಗೆ ಇರುವುದೇ ಇಲ್ಲ. ಬೇರೆ ಎಸ್‌ಎಂಪಿಎಸ್ ಹಾಕೋಣವೆಂದರೆ ಡೆಲ್‌ನ ಕೆಲವು ಮಾದರಿಗಳ ಮದರ್‌ಬೋರ್ಡಿನಲ್ಲಿ ಎಲ್ಲೆಡೆಯ 24 ಪಿನ್ನಿನ ಬದಲು 8 ಪಿನ್ನಿನ ಕೊಂಡಿ ಇದೆ. ಅದಕ್ಕೊಂದು ಅಡಾಪ್ಟರ್ ಹುಡುಕಬೇಕು.

ಉದಾಹರಣೆಗೆ ಡೆಲ್ ಆಪ್ಟಿಪ್ಲೆಕ್ಸ್ 9020ರ ತೆಳು ಮಾದರಿ. ಎಸ್‌ಎಂಪಿಎಸ್ 255 ವ್ಯಾಟಿನದು. ಒಳಗಿನ ಐ5 4570 ಪ್ರೊಸೆಸರಿಗೆ 84, 75 ವ್ಯಾಟಿನ ಒಂದು ಕಾರ್ಡ್, ಉಳಿದದ್ದಕ್ಕೆ ನಲವತ್ತು ಎಂದಿಟ್ಟುಕೊಂಡರೂ ಇನ್ನೂರರ ಆಸುಪಾಸು. ಬೇರೆ ತಂತಿ ಬೇಡದ ಕಾರ್ಡಾದರೆ ಬದುಕಬಹುದು. ಅಂಥವು ಕೆಲವಿವೆ: ಜಿಟಿಎಕ್ಸ್ 1650ರ ಕೆಲವು ಮಾದರಿಗಳು, 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ (70 ವ್ಯಾಟ್). 2022ರ ಎಎಂಡಿ ಆರ್‌ಎಕ್ಸ್ 6400 ಇನ್ನೂ ಕಡಿಮೆ ವಿದ್ಯುತ್ತಿನದು, ಆದರೆ ಅದು ಮದರ್‌ಬೋರ್ಡಿನೊಂದಿಗೆ ನಾಲ್ಕೇ ಓಣಿಗಳಲ್ಲಿ ಮಾತಾಡುವುದರಿಂದ ಹಳೆಯ ಯಂತ್ರದಲ್ಲಿ ಅದರ ಬಲ ಕುಗ್ಗುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳು ಹಳೆಯ ಬೋರ್ಡುಗಳಲ್ಲಿ ಮುಖ ಸಿಂಡರಿಸುತ್ತವೆ. 'ರೀಸೈಜಬಲ್ ಬಾರ್' ಎಂಬ ಸೌಲಭ್ಯ ಅವಕ್ಕೆ ಬೇಕು, ಅದು ಅಲ್ಲಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಮಾತು. ಅಗ್ಗಕ್ಕೆ ಸಿಗುವ ಜಿಟಿಎಕ್ಸ್ 1050 ಟಿಐ ಒಳ್ಳೆಯ ಕಾರ್ಡಾಗಿತ್ತು, ಆದರೆ ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಜೊತೆಗೆ ಆ ಹೆಸರಿನಲ್ಲೇ ಖೋಟಾ ಕಾರ್ಡುಗಳೂ ಬಂದಿವೆ: ಅದಕ್ಕಿಂತ ಎಷ್ಟೋ ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆಸಿ ಮಾರುವುದು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಬಹಳಷ್ಟು ಇಂಥವನ್ನು ಹಿಡಿದುಕೊಡುತ್ತದೆ. ಅಂಗಡಿಯ ಯಂತ್ರದಲ್ಲೇ ಅದನ್ನು ಓಡಿಸಿ ತೋರಿಸಿ ಎನ್ನಲು ಸಂಕೋಚ ಬೇಡ. ಇನ್ನು 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಗಣಿಗಾರಿಕೆ ನಿಂತಾಗ ರಾಶಿ ರಾಶಿ ಕಾರ್ಡುಗಳು ಪೇಟೆಗೆ ಬಿದ್ದವು. ಹಗಲಿರುಳು ದುಡಿದ ಎತ್ತುಗಳು ಅವು. ಕೊಳ್ಳಬಾರದೆಂದಲ್ಲ, ಫ್ಯಾನ್ ತಿರುಗಿಸಿ, ಬಿಸಿ ನೋಡಿ, ಬೆಲೆ ಇಳಿಸಿ ಕೊಳ್ಳಬೇಕು.

ಯಾವ ಆಟ ಎಂಬುದನ್ನು ಮೊದಲೇ ಕೇಳಬೇಕಿತ್ತು. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5ರ ಹಳೆಯ ಆವೃತ್ತಿ 4 ಜಿಬಿ ರ‍್ಯಾಮ್ ಮತ್ತು ಆ ಕಾಲಕ್ಕೇ ಹಳೆಯದಾಗಿದ್ದ ಪ್ರೊಸೆಸರಿನಲ್ಲೂ ಓಡುವಂತೆ ಮಾಡಿದ್ದು. ಮೇಲೆ ಹೇಳಿದ ಯಂತ್ರಕ್ಕೆ ಅದು ಸಲೀಸು. ಕೌಂಟರ್ ಸ್ಟ್ರೈಕ್ 2 ಕಾರ್ಡಿಗಿಂತ ಪ್ರೊಸೆಸರನ್ನು ದುಡಿಸುತ್ತದೆ. ಬ್ಲ್ಯಾಕ್ ಮಿತ್ ವುಕಾಂಗ್ ಎಂಬ 2024ರ ಆಟಕ್ಕೆ 16 ಜಿಬಿ ರ‍್ಯಾಮ್, 130 ಜಿಬಿ ಜಾಗ ಕನಿಷ್ಠ. ಅದೇ ವರ್ಷದ ಇಂಡಿಯಾನಾ ಜೋನ್ಸ್ ಆಟವಂತೂ ಬೆಳಕಿನ ಕಿರಣಗಳ ಲೆಕ್ಕ ಹಾಕುವ ವಿಶೇಷ ಯಂತ್ರಾಂಗ ಇಲ್ಲದ ಕಾರ್ಡಿನಲ್ಲಿ ಶುರುವೇ ಆಗದು. ಇನ್ನು ಎರಡನೇ, ಮೂರನೇ ಪೀಳಿಗೆಯ ಐ5ಗಳಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಕಟ್ಟು ಇಲ್ಲ. ಅದನ್ನು ಕೇಳುವ ಹೊಸ ಆಟಗಳಿಗೆ ಎಂಥ ಕಾರ್ಡ್ ಹಾಕಿದರೂ ಬಾಗಿಲು ತೆರೆಯದು.

ಇನ್ನೊಂದು ಬಾಗಿಲು ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ಪೀಳಿಗೆ ಮತ್ತು ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಹಿತ್ತಲ ಬಾಗಿಲಿನಿಂದ ಅದನ್ನು ಹಳೆ ಯಂತ್ರಕ್ಕೆ ಹಾಕಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ವ್ಯಾಲರಂಟ್ ಆಡಬೇಕೆಂದರೆ ಹಾಗೆ ಹಾಕಿಸಿಕೊಳ್ಳುವುದೇ ಎಡವಟ್ಟು. ಆಟವೇನೋ ಹಗುರ, ಅದರ ಕಾವಲುಗಾರ ತಂತ್ರಾಂಶ ಮಾತ್ರ ವಿಂಡೋಸ್ 11ರಲ್ಲಿ ಟಿಪಿಎಂ 2.0 ಕಾಣದಿದ್ದರೆ ಒಳಗೇ ಬಿಡುವುದಿಲ್ಲ.

ಕರೆಂಟಿನ ಲೆಕ್ಕ ಹೆತ್ತವರದು. 200 ವ್ಯಾಟಿನ ಯಂತ್ರ ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೂ ಪುಕ್ಕಟೆ ಎಂದುಕೊಂಡವರು ಬಹಳ. 2023ರಲ್ಲಿ ಆರಂಭವಾದ ಆ ಯೋಜನೆ ಪ್ರತಿ ಮನೆಗೂ ಹಿಂದಿನ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿ ಮಿತಿ ಹಾಕಿತು. ಸರಾಸರಿ 60 ಯೂನಿಟ್ ಇದ್ದ ಮನೆಗೆ 66 ಉಚಿತ. ಈ 12 ಸೇರಿ 72 ಆದರೆ ಆರು ಯೂನಿಟ್ಟಿಗೆ ಬಿಲ್ ಬರುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಯಾಕೆ ಬಂತೆಂದು ತಿಳಿದಿರಲಿ. ಅದಕ್ಕಿಂತ ಮುಖ್ಯ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಕಾರ್ಡಿನ ಹಣದಲ್ಲಿ ಸ್ವಲ್ಪ ಮುರಿದು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್ ಕೂಡ ಬೇಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ನಿಜವಾಗಿ ಹೊರುವುದು 360 ವ್ಯಾಟಿನ ಆಸುಪಾಸು.

ಎಲ್ಲ ನೋಡಿದ ಮೇಲೆ ಪ್ರೊಸೆಸರೇ ಸೋತಿದೆ ಎಂದು ತಿಳಿದರೆ? ಆಗ ಹಳೆಯದರ ಮೇಲೆ ಒಂದು ರೂಪಾಯಿಯನ್ನೂ ಸುರಿಯದಿರುವುದೇ ಜಾಣತನ. ಅದನ್ನು ತಂಗಿಯ ಓದಿಗೆ ಬಿಟ್ಟು, 2021ರಲ್ಲಿ ಬಂದ ರೈಜನ್ 5600ಜಿ ಥರದ, ಒಳಗೇ ಒಳ್ಳೆಯ ಗ್ರಾಫಿಕ್ಸ್ ಇರುವ ಪ್ರೊಸೆಸರಿನ ಯಂತ್ರಕ್ಕೆ ಹಣ ಕೂಡಿಡಬಹುದು. ಅದರ ಮೇಲೆ ಕಾರ್ಡನ್ನು ಮುಂದಿನ ಬೆಳೆಗೋ, ಅದರ ಮುಂದಿನದಕ್ಕೋ ಸೇರಿಸಿಕೊಳ್ಳಬಹುದು. ಮಾನಿಟರ್ ಮಾತ್ರ ಹಳೆಯದೇ ಇರಲಿ. 1366 ಗುಣಿಸು 768ರ ಪರದೆಯಲ್ಲಿ ಚುಕ್ಕೆಗಳು ಸುಮಾರು ಅರ್ಧ, ಕಾರ್ಡಿನ ಕೆಲಸವೂ ಅರ್ಧಕ್ಕೆ ಹತ್ತಿರ.

ಎಸ್.ಪಿ. ರಸ್ತೆಗೆ ಹೊರಡುವವರು ಯಂತ್ರದ ಮಾದರಿ, ಎಸ್‌ಎಂಪಿಎಸ್ ಮೇಲಿನ ವ್ಯಾಟ್, ರ‍್ಯಾಮಿನ ಬಗೆ, ಕ್ಯಾಬಿನೆಟ್ಟಿನ ಒಳ ಅಳತೆ ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡಿರಬೇಕು. ಹೋಗಲು ರೈಲೂ ಇದೆ, ಬಸ್ಸೂ ಇದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಎಂದು ಯಾರಾದರೂ ಹೇಳಿದರೆ, ಆ 'ಇಷ್ಟು' ವಾರಂಟಿಯ ಬೆಲೆ.